ರೇಲೀನಳ ಸೀಟು

ಫೆಬ್ರವರಿ ೧೧, ಮಂಗಳವಾರ

ಕಾಂಗರೂ ಸತ್ತಿತು. ಯೂಟ್ ಮುಕ್ಕಾಲು ಸತ್ತಿತು. ನನಗೆ ಏನೂ ಆಗಲಿಲ್ಲ, ಆದ್ದರಿಂದ ನಾಳೆ ಕೆಲಸಕ್ಕೆ ಹೋಗಬೇಕು.

ನ್ಯಾಯವಾಗಿ ನೋಡಿದರೆ ತಪ್ಪು ಕಾಂಗರೂವಿನದೇ. ಮೂಂಟಾ ರಸ್ತೆಯ ಎಡಗಡೆ ಕೊಯ್ದು ಮುಗಿಸಿದ ಗೋಧಿ ಹೊಲ, ಬಲಗಡೆಯೂ ಕೊಯ್ದು ಮುಗಿಸಿದ ಗೋಧಿ ಹೊಲ. ಎರಡರಲ್ಲೂ ಇರುವುದು ಅದೇ ಒಣ ಕೂಳೆ. ಆದರೂ ಅದಕ್ಕೆ ಆಚೆ ಕಡೆಯದೇ ಬೇಕಾಗಿತ್ತು. ಹಿಂದೆ ತೆರೆದ ತೊಟ್ಟಿಯಿರುವ ನನ್ನ ಯೂಟಿನ ರೇಡಿಯೇಟರ್, ಬಾನೆಟ್ಟು, ಒಂದು ಕಣ್ಣು ಹೋದವು. ಅದನ್ನು ಎಳೆದುಕೊಂಡು ಹೋದ ಗ್ಯಾರೇಜಿನ ಮುದುಕ, "ಪಾರ್ಟು ಬರ್ಬೇಕು. ಈಸ್ಟರ್ ಹೊತ್ತಿಗೆ ನೋಡಾಣ" ಎಂದ. ಯಾವ ವರ್ಷದ ಈಸ್ಟರ್ ಎಂದು ಕೇಳುವ ಧೈರ್ಯ ಬರಲಿಲ್ಲ.

ಮನೆಗೆ ಬಂದು ಶೆಡ್ಡಿನ ಬಾಗಿಲು ತೆಗೆದೆ. ಒಳಗೆ ಮಹಾರಾಣಿ ಮಲಗಿದ್ದಳು.

ಇದು ನನ್ನ ಹೆಂಡತಿ ರೇಲೀನಳ ಗಾಡಿ. ತೀರಿಕೊಂಡ ಡಾಕ್ಟರೊಬ್ಬರದು, ಅವರ ಹೆಂಡತಿಯಿಂದ ಇವಳು ಕೊಂಡದ್ದು. ಚರ್ಮದ ಸೀಟು, ಪಾಲಿಶ್ ಮಾಡಿದ ಮರದ ಹಲಗೆ, ದೋಣಿಯಷ್ಟು ಉದ್ದದ ಬೆಳ್ಳಿ ಬಣ್ಣದ ಮೈ. ಡಾಕ್ಟರು ಇದ್ದಾಗ ಇದನ್ನು ನೋಡಿ ಜನ ಟೊಪ್ಪಿ ತೆಗೆಯುತ್ತಿದ್ದರಂತೆ. ಈಗ ಗ್ಯಾರೇಜಿನವರು ಮಾತ್ರ ತೆಗೆಯುತ್ತಾರೆ, ತಲೆ ಕೆರೆದುಕೊಳ್ಳಲು. ಶಾಲೆಯ ಕ್ಯಾಂಟೀನಿನಲ್ಲಿ ಮಾಂಸ ತುಂಬಿ ಬೇಯಿಸಿದ ಪೇಸ್ಟಿ ಬಿಸಿ ಮಾಡುವ ಹೆಂಗಸು ದಿನಾ ಕಡೈನಾಕ್ಕೆ ಇದರಲ್ಲಿ ಹೋಗಿ ಬರುವುದು ಯಾವ ಶಾಸ್ತ್ರ ಎಂದು ನಾನು ಕೇಳಿದ್ದೆ. "ನೀನು ನಿನ್ನ ತೊಟ್ಟಿ ಓಡಿಸ್ಕೊ, ನಾನು ನನ್ನ ಸೋಫಾ ಓಡಿಸ್ಕೋತೀನಿ" ಅಂದಿದ್ದಳು.

ರೇಲೀನ್ ವಾಲರೂ ಊರಿನ ಆಸ್ಪತ್ರೆಯಲ್ಲಿದ್ದಾಳೆ. ಜನವರಿಯಲ್ಲಿ ಲಕ್ವ ಹೊಡೆಯಿತು. ಎಡಗೈ, ಎಡಗಾಲು ಮಾತು ಕೇಳುತ್ತಿಲ್ಲ. ಇದನ್ನು ಒಮ್ಮೆ ಬರೆದಾಯಿತು, ಮತ್ತೆ ಮತ್ತೆ ಬರೆಯಬೇಕಾಗಿಲ್ಲ.

ಅವಳು ಐದಡಿ, ಶೂ ಹಾಕಿಕೊಂಡರೆ. ನಾನು ಆರಡಿ ಮೂರಿಂಚು, ಶೂ ಬಿಚ್ಚಿದರೂ. ಸೀಟು ಅವಳು ಬಿಟ್ಟುಹೋದ ಜಾಗದಲ್ಲೇ ಇದೆ. ಒಳಗೆ ಕೂತಾಗ ನನ್ನ ಎರಡು ಮಂಡಿಗಳೂ ಸ್ಟೀರಿಂಗಿನ ಆಚೀಚೆ ಎದ್ದುಬಂದು ಕಿವಿಗಳ ಕ್ಷೇಮಸಮಾಚಾರ ವಿಚಾರಿಸಿದವು. ಸೀಟಿನ ಮೋಟಾರು ಕೆಟ್ಟಿದೆ.

(ಈ ಡೈರಿ ಕುರಿ ಔಷಧಿಯವರು ಪುಕ್ಕಟೆ ಕೊಟ್ಟದ್ದು. ನಮ್ಮಲ್ಲಿ ಕುರಿಗಳಿಲ್ಲ. ಪುಟದ ಕೆಳಗೆ ಅಚ್ಚು ಹಾಕಿದ್ದಾರೆ: ಈ ವಾರ ಗೊರಸುಗಳನ್ನು ಪರೀಕ್ಷಿಸಿ.)

ಫೆಬ್ರವರಿ ೧೩, ಗುರುವಾರ

ಐಷಾರಾಮದ ಎರಡನೆಯ ದಿನ.

ಮಹಾರಾಣಿ ರಾತ್ರಿಯಿಡೀ ಉಸಿರು ಬಿಡುತ್ತ ಒಂಟೆಯ ಹಾಗೆ ನೆಲಕ್ಕೆ ಕುಸಿಯುತ್ತಾಳೆ. ಬೆಳಿಗ್ಗೆ ಇಂಜಿನ್ ಶುರು ಮಾಡಿದರೆ ಮೊದಲು ಹಿಂಭಾಗ, ಆಮೇಲೆ ಮುಂಭಾಗ, ನಿಟ್ಟುಸಿರಿನೊಂದಿಗೆ ಎದ್ದು ನಿಲ್ಲುತ್ತಾಳೆ. ಸ್ಪ್ರಿಂಗಿನ ಬದಲು ಗಾಳಿಚೀಲಗಳಂತೆ. ಅವು ತೂತಾಗಿವೆ. ಎಲ್ಲಿ ತೂತು ಎಂದು ಹುಡುಕಲು ಅಡಿಲೇಡಿಗೆ ಒಯ್ಯಬೇಕು. ಅಡಿಲೇಡಿನವರು ದೋಷ ಕಂಪ್ಯೂಟರಿನೊಳಗಿದೆ ಅನ್ನುತ್ತಾರೆ.

ಒಂದು ವಿಷಯ ಒಪ್ಪಿಕೊಳ್ಳಬೇಕು. ಓಡುವಾಗ ರಸ್ತೆಯ ಹಳ್ಳಗಳು ಗೊತ್ತೇ ಆಗುವುದಿಲ್ಲ. ಯೂಟಿನಲ್ಲಿ ಹೋಗುವಾಗ ಪ್ರತಿ ಹಳ್ಳವೂ ನನ್ನ ಹಲ್ಲುಗಳನ್ನು ಹೆಸರು ಹಿಡಿದು ಕರೆಯುತ್ತಿತ್ತು. ಇದರಲ್ಲಿ ರೈಲು ಹಳಿ ದಾಟಿದರೂ ಹಾಲಿನ ಲೋಟ ತುಳುಕದು. ಇಪ್ಪತ್ತಾರು ವರ್ಷದಿಂದ ರಸ್ತೆ ಹಳ್ಳ ಮುಚ್ಚಿ ಸಂಬಳ ತೆಗೆದುಕೊಳ್ಳುವವನಿಗೆ ಇದು ಅವಮಾನ.

ಡಿಪೊದಲ್ಲಿ ನಗೆಟ್ ಗೇಟಿನಲ್ಲೇ ಕಾಯುತ್ತಿದ್ದ. ಕುಳ್ಳಗೆ, ಗಟ್ಟಿಗೆ, ಅಡ್ಡಡ್ಡ ಬೆಳೆದವನು. ನಮ್ಮ ರೋಲರ್ ಓಡಿಸುತ್ತಾನೆ.

"ದೊರೆಗಳು ಬಂದ್ರು! ಬ್ಲೂಯಿ, ಕೆಂಪು ಹಾಸು ಎಲ್ಲೋ?"

"ಟಾರು ಹಾಸಿದೀನಲ್ಲ, ಅದ್ರ ಮೇಲೇ ನಡೀಲಿ" ಎಂದ ಕೆಂಪುಕೂದಲಿನ ಬ್ಲೂಯಿ.

ನಾನು ಇಳಿಯಲು ಹೊರಟೆ. ಇಳಿಯಲಾಗಲಿಲ್ಲ. ಬಲಗಾಲು ಹೊರಬಂದಿತು, ಎಡಗಾಲು ಒಳಗೇ ಇರುತ್ತೇನೆ ಎಂದಿತು. ನಗೆಟ್ ಬಂದು ನನ್ನ ಕಂಕುಳಿಗೆ ಕೈ ಹಾಕಿ ಎಳೆದ. ಅವನ ಮನೆಯಲ್ಲಿ ದನಗಳಿವೆ, ಅಡ್ಡ ಸಿಕ್ಕ ಕರುಗಳನ್ನು ಎಳೆದು ಅನುಭವವಿದೆ.

"ಸೀಟು ಹಿಂದಕ್ಕೆ ತಳ್ಳೋ ಮಾರಾಯ!"

"ಮೋಟಾರು ಕೆಟ್ಟಿದೆ" ಎಂದೆ.

ಫೆಬ್ರವರಿ ೨೧, ಶುಕ್ರವಾರ

ನನ್ನ ಮರ್ಯಾದೆ ಹೋಗುವ ಲಕ್ಷಣ ಕಾಣುತ್ತಿದೆ.

ನಮ್ಮ ಕಡೆ ಎದುರಿನಿಂದ ಗಾಡಿ ಬಂದರೆ ಸ್ಟೀರಿಂಗಿನ ಮೇಲಿಂದ ತೋರುಬೆರಳು ಎತ್ತಬೇಕು. ಒಂದೇ ಬೆರಳು. ಎರಡೆತ್ತುವವನು ಮತ ಕೇಳಲು ಬಂದವನು. ಇಡೀ ಕೈ ಬೀಸುವವನು ಅಡಿಲೇಡಿನಿಂದ ರಜೆಗೆ ಬಂದವನು. ಏನೂ ಎತ್ತದವನಿಗೆ ಒಂದು ಹೆಸರಿದೆ, ಕುರಿಗಳ ಡೈರಿಯಲ್ಲಿ ಅದನ್ನು ಬರೆಯುವುದಿಲ್ಲ. ಜಗಳ ಆಡಿದವರೂ, ಬೇಲಿಯ ಮೇಲೆ ವ್ಯಾಜ್ಯ ಹೂಡಿದವರೂ ಬೆರಳು ಎತ್ತುತ್ತಾರೆ. ಮಾತು ಬಿಟ್ಟವರಿಗೂ ಬೆರಳು ಬಿಡುವಂತಿಲ್ಲ.

ನನ್ನ ಕೈಗಳು ಈಗ ಮಂಡಿಗಳ ಕೆಳಗಿಂದ ನುಸುಳಿಕೊಂಡು ಹೋಗಿ ಸ್ಟೀರಿಂಗನ್ನು ಬುಡದಲ್ಲಿ ಹಿಡಿಯುತ್ತವೆ. ಅಲ್ಲಿ ಬೆರಳೆತ್ತಿದರೆ ನನ್ನ ಮಂಡಿಗೆ ಮಾತ್ರ ನಮಸ್ಕಾರ ಸಲ್ಲುತ್ತದೆ. ಈ ದಿನ ಬದಲಿಗೆ ತಲೆ ಬಾಗಿಸಿ ನೋಡಿದೆ. ಗದ್ದ ಹೋಗಿ ಹಾರ್ನಿನ ಮೇಲೆ ಕೂತಿತು. ಎದುರಿಗೆ ಬರುತ್ತಿದ್ದ ಮುದುಕ ರೈತ ಬೆರಳೆತ್ತಿದ್ದವನು ಹಾಗೇ ಇಳಿಸಿದ. ಅವನು ಕನ್ನಡಿಯಲ್ಲಿ ನನ್ನನ್ನು ಬಹಳ ಹೊತ್ತು ನೋಡಿದ್ದು ಕಂಡಿತು.

ಸಂಜೆ ಆಸ್ಪತ್ರೆ. ಫಿಸಿಯೋ ಹುಡುಗಿ ಕೆರೆನ್ಸಾ ಮೇಜಿನ ಮೇಲೆ ರೇಲೀನಳ ಎಡ ಅಂಗೈ ಮಗುಚಿ ಇಟ್ಟಿದ್ದಳು. "ಬೇರೇದೇನೂ ಬೇಡ ರೇಲೀನ್, ತೋರುಬೆರಳು ಒಂದೇ. ಎತ್ತಿ."

ರೇಲೀನ್ ಆ ಬೆರಳನ್ನೇ ದುರುಗುಟ್ಟಿ ನೋಡಿದಳು. ಕ್ಯಾಂಟೀನಿನ ಸಾಲಿನಲ್ಲಿ ನುಗ್ಗುವ ಮಕ್ಕಳನ್ನು ನೋಡುವ ನೋಟ. ಯಾವ ಮಗುವಾದರೂ ನಡುಗುತ್ತಿತ್ತು. ಬೆರಳು ನಡುಗಲಿಲ್ಲ.

"ಹಾಳಾದ್ದು ರಜೆ ಹಾಕಿದೆ" ಎಂದಳು.

ಮಾರ್ಚ್ ೫, ಬುಧವಾರ

ನಲವತ್ತೊಂದು ಡಿಗ್ರಿ. ಸೀಟಿನೊಳಗಿನ ಹೀಟರು ಆರುವುದಿಲ್ಲ, ಡಾಕ್ಟರ ಕಾಲದಿಂದಲೂ ಹಾಗೇ ಇದೆಯಂತೆ. ಸರಿಮಾಡಲು ಸೀಟು ಬಿಚ್ಚಬೇಕು. ಬೇಡ.

ಈ ಗಾಡಿಯಲ್ಲಿ ಪೇಸ್ಟಿ ತಿನ್ನಬಾರದು ಎಂಬುದು ರೇಲೀನಳ ಕಾನೂನು, ಪುಡಿ ಚರ್ಮದ ಹೊಲಿಗೆಯೊಳಗೆ ಹೋಗುತ್ತದೆ. ಹೊರಗೆ ಬಿಸಿಲಲ್ಲಿ ನಿಂತು ತಿಂದೆ. ಒಳಗೆ ಪೇಸ್ಟಿ ತಿನ್ನುವಂತಿಲ್ಲ, ಆದರೆ ಪೇಸ್ಟಿ ಆಗಬಹುದು.

ಮಾರ್ಚ್ ೧೪, ಶುಕ್ರವಾರ

ಮೂಂಟಾದ ಮನೆಯಿಂದ ಕಡೈನಾದ ಡಿಪೊ. ಕಡೈನಾದಿಂದ ವಾಲರೂ. ವಾಲರೂವಿನಿಂದ ಮೂಂಟಾ. ಮೂರೂ ರಸ್ತೆ ನೆಟ್ಟಗಿವೆ, ಮೂರೂ ಒಂದಕ್ಕೊಂದು ಕಟ್ಟಿಕೊಂಡಿವೆ. ಹೊರಕ್ಕೆ ಹೋಗುವ ದಾರಿಗಳೂ ಇವೆ, ಫಲಕಗಳನ್ನು ನೋಡಿದ್ದೇನೆ. ಗಾಣದ ಎತ್ತಿಗೂ ಚರ್ಮದ ಸೀಟು ಕೊಟ್ಟರೆ ಹೀಗೇ ಇರುತ್ತದೆ.

ಇವತ್ತು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಕುರ್ಚಿಯಿಂದ ಹಾಸಿಗೆಗೆ, ಕುರ್ಚಿಯಿಂದ ಕಾರಿಗೆ ರೇಲೀನ್ ಒಬ್ಬರ ಆಸರೆಯಲ್ಲಿ ಹೋಗುವಂತಾದರೆ ಮನೆಗೆ ಕಳಿಸುತ್ತಾರೆ. ಮೇ ಕೊನೆಯವರೆಗೆ ನೋಡುತ್ತಾರೆ. ಆಗದಿದ್ದರೆ ಆರೈಕೆ ಮನೆ.

"ಅದು ಮುದುಕರಿಗಲ್ವಾ? ನಂಗಿನ್ನೂ ಐವತ್ತೊಂಬತ್ತು" ಎಂದಳು ರೇಲೀನ್. "ಅಲ್ಲಿ ಸಂಜೆ ನಾಲ್ಕೂವರೆಗೆ ಊಟ ಹಾಕಿ ಬಿಂಗೋ ಆಡಿಸ್ತಾರೆ. ನಾನು ಯಾರನ್ನಾದ್ರೂ ಕೊಂದ್ಬಿಡ್ತೀನಿ."

"ಒಂದೇ ಕೈಯಲ್ಲಾ?" ಎಂದೆ.

"ನಿನ್ನನ್ನ ಕೊಲ್ಲೋಕೆ ಒಂದು ಸಾಕು."

ಡಾಕ್ಟರಮ್ಮನಿಗೆ ನಗಬೇಕೋ ಬರೆದುಕೊಳ್ಳಬೇಕೋ ತಿಳಿಯಲಿಲ್ಲ. ಗಾಡಿ ಓಡಿಸೋದು ಯಾವಾಗ ಎಂದು ರೇಲೀನ್ ಕೇಳಿದಳು. "ಅದನ್ನ ಈಗ ಮಾತಾಡೋದು ಬೇಡ" ಎಂದರು. ಅವರು ಪೆನ್ನಿಗೆ ಮುಚ್ಚಳ ಹಾಕಿದ ರೀತಿ ನನಗೆ ಹಿಡಿಸಲಿಲ್ಲ.

ಅವರು ಹೋದ ಮೇಲೆ ರೇಲೀನ್ ಕಿಟಕಿಯ ಕಡೆ ನೋಡುತ್ತ ಕೇಳಿದಳು, "ಹೆಂಗಿದೆ ನನ್ನ ಗಾಡಿ?"

"ದಿನಾ ಓಡುತ್ತೆ."

"ಪೇಸ್ಟಿ?"

"ಹೊರಗೆ ನಿಂತು ತಿಂತೀನಿ."

"ಸೀಟು?"

"ಮುಟ್ಟಿಲ್ಲ."

ಬಾಯಿಯ ಬಲಗಡೆಯಿಂದ ನಕ್ಕಳು. ಎಡಗಡೆ ಇನ್ನೂ ಬರುವುದಿಲ್ಲ. "ಸುಳ್ಳ" ಎಂದಳು.

ದಾಖಲೆಗೆ ಬರೆದಿಡುತ್ತೇನೆ: ಅವಳು ಆಸ್ಪತ್ರೆ ಸೇರಿದ ಮೇಲೆ ಸೀಟಿನ ಬಟನನ್ನು ನಾನು ಒತ್ತಿಯೇ ನೋಡಿಲ್ಲ. ಒತ್ತಿದರೆ ಸರಿಯುತ್ತದೆ. ಸರಿದ ಮೇಲೆ ಎಲ್ಲಿತ್ತು ಎಂದು ಯಾರನ್ನು ಕೇಳುವುದು? ಕೂತವರ ಜಾಗ ನೆನಪಿಟ್ಟುಕೊಳ್ಳುವ ಬಟನುಗಳೂ ಇವೆ. ಒಂದು, ಎರಡು, ಮೂರು ಎಂದು ಬರೆದಿದೆ. ಮೂರೂ ಡಾಕ್ಟರ ಜೊತೆಗೇ ತೀರಿಕೊಂಡಿವೆ. ಅವಳು ಬಂದು ಕೂತ ದಿನ ಅವಳ ಕಾಲಿಗೆ ಬ್ರೇಕು ಸಿಗಬೇಕಲ್ಲ. ಆದ್ದರಿಂದ ಮೋಟಾರು ಕೆಟ್ಟಿದೆ.

ಮಾರ್ಚ್ ೨೯, ಶನಿವಾರ

ಫುಟ್‌ಬಾಲ್ ಕ್ಲಬ್ಬಿನಲ್ಲಿ ನನ್ನ ವಿಚಾರಣೆ ನಡೆಯಿತು.

ಬಿಯರ್ ಕೈಗೆ ಕೊಟ್ಟು ನಗೆಟ್ ಮೆಲ್ಲಗೆ ಶುರು ಮಾಡಿದ. "ಜನ ಮಾತಾಡ್ತಿದಾರೆ ವಾಜಾ." ವಾರಿಕ್ ಎಂದು ಅಪ್ಪ ಅಮ್ಮ ಇಟ್ಟ ಹೆಸರನ್ನು ಇವರು ಶಾಲೆಯಲ್ಲೇ ಹಾಳು ಮಾಡಿದ್ದಾರೆ.

"ಏನಂತ?"

"ಹೆಂಡ್ತಿ ಗಾಡಿ ಸಿಕ್ಕಿದ್ಮೇಲೆ ತಲೆ ತಿರುಗಿದೆ ಅಂತ. ಬೆರಳೆತ್ತಲ್ಲ ಅಂತ. ಎತ್ತದೆ ಇದ್ರೂ ಹೋಗ್ಲಿ, ಹಾರ್ನ್ ಹೊಡೀತಾನೆ ಅಂತ."

"ನನ್ನಮ್ಮಂಗೂ ಹೊಡೆದ" ಎಂದ ಬ್ಲೂಯಿ. "ಎಂಬತ್ತೊಂದು ವರ್ಷ ಅವಳಿಗೆ. ಗಾಡಿ ನಿಲ್ಸಿ, ಟಯರ್ ಪಂಕ್ಚರ್ ಆಗಿದ್ಯಾ ಅಂತ ಇಳಿದು ನೋಡಿದ್ಲಂತೆ."

ಮಂಡಿಗಳ ಕಥೆ ಹೇಳಿದೆ. ಇಬ್ಬರೂ ನಕ್ಕರು. ಆಮೇಲೆ ನಗೆಟ್ ನಗುವುದನ್ನು ಬಿಟ್ಟು ನನ್ನ ಬೆನ್ನು ನೋಡಿದ. ನಾನು ಸ್ವಲ್ಪ ಗೂನಾಗಿ ನಿಲ್ಲುತ್ತಿದ್ದೇನಂತೆ. ಬಾರ್ ಮುಂದೆ ನಿಂತಾಗಲೂ ಸ್ಟೀರಿಂಗ್ ಹಿಡಿದವನ ಹಾಗೇ ಕಾಣುತ್ತೇನಂತೆ.

"ಅದೊಂದು ಪುಟಾಣಿ ಮೋಟಾರ್ ಕಣೋ" ಎಂದ ಬ್ಲೂಯಿ. "ಸೀಟಿನ ಕೆಳಗಿರುತ್ತೆ."

"ಕೆಟ್ಟಿದೆ ಅಂದ್ನಲ್ಲ" ಎಂದೆ, ಸ್ವಲ್ಪ ಜೋರಾಗಿಯೇ.

ಇಬ್ಬರೂ ಮುಖ ಮುಖ ನೋಡಿಕೊಂಡರು. ಆ ನೋಟ ನನಗೆ ಸರಿಬೀಳಲಿಲ್ಲ. ಇಬ್ಬರಿಗೂ ಸ್ಪ್ಯಾನರ್ ಹಿಡಿಯಲು ಬರುತ್ತದೆ, ಅದಕ್ಕಿಂತ ಅಪಾಯ ಅಂದರೆ ಇಬ್ಬರದೂ ಒಳ್ಳೆಯ ಮನಸ್ಸು.

ಏಪ್ರಿಲ್ ೮, ಮಂಗಳವಾರ

ಗ್ಯಾರೇಜಿನ ಮುದುಕನ ಫೋನು. ಯೂಟ್ ತಯಾರಂತೆ! ಈಸ್ಟರಿಗೆ ಮೊದಲೇ! ಕೊನೆಗೂ ಬಿಡುಗಡೆ. ನಾಳೆಯೇ ಹೋಗಿ ತರುತ್ತೇನೆ.

ಏಪ್ರಿಲ್ ೧೧, ಶುಕ್ರವಾರ

ಯೂಟ್ ತರಲು ಪುರುಸೊತ್ತಾಗಲಿಲ್ಲ. ಗ್ಯಾರೇಜು ದಾರಿಯಲ್ಲೇ ಸಿಗುತ್ತದೆ, ಆದರೆ ರಸ್ತೆಯ ಆಚೆ ಬದಿಗಿದೆ.

ಏಪ್ರಿಲ್ ೧೭, ಗುರುವಾರ

ಇವತ್ತಿನದನ್ನು ಕ್ರಮವಾಗಿ ಬರೆಯಬೇಕು.

ಬೆಳಿಗ್ಗೆ ನಾನು ಕಸದ ಗುಂಡಿಯ ರಸ್ತೆಗೆ ಜಲ್ಲಿ ಹಾಕಲು ಲಾರಿಯಲ್ಲಿ ಹೋದೆ. ಮಹಾರಾಣಿಯ ಕೀಲಿ ಡಿಪೊದ ಮೊಳೆಗೆ ನೇತುಹಾಕಿದ್ದೆ, ಎಲ್ಲರ ಕೀಲಿಗಳೂ ಅಲ್ಲೇ ಇರುತ್ತವೆ. ನಗೆಟ್‌ಗೂ ಬ್ಲೂಯಿಗೂ ಅಂಗಳದಲ್ಲೇ ಕೆಲಸ.

ಮಧ್ಯಾಹ್ನ ವಾಪಸು ಬಂದಾಗ ಇಬ್ಬರೂ ರೋಲರಿನ ಹಿಂದೆ ನಿಂತು ಚಹಾ ಕುಡಿಯುತ್ತಿದ್ದರು. ಅದು ಚಹಾದ ಹೊತ್ತಲ್ಲ. ಯಾರೂ ದೊರೆ ಅನ್ನಲಿಲ್ಲ. ನಗೆಟ್ ಬೂಟಿನ ತುದಿ ನೋಡಿಕೊಳ್ಳುತ್ತ ಹೇಳಿದ:

"ವಾಜಾ... ನಿನ್ನ ಸೀಟಿನ ಮೋಟಾರ್ ನೋಡಿದ್ವಿ."

ನಾನು ಕೈಗೆ ಅಂಟಿದ ಜಲ್ಲಿಯ ಧೂಳು ಕೊಡವಿದೆ.

"ಪೂರ್ತಿ ಹೋಗಿದೆ" ಎಂದ.

"ಸುಟ್ಟೋಗಿದೆ" ಎಂದ ಬ್ಲೂಯಿ. "ಜಪ್ಪಯ್ಯ ಅಂದ್ರೂ ಅಲ್ಲಾಡಲ್ಲ. ನಾವು ಏನೂ ಮುಟ್ಲಿಲ್ಲ."

"ಏನೂ ಮುಟ್ಲಿಲ್ಲ" ಎಂದ ನಗೆಟ್. "ಹೆಂಗಿತ್ತೋ ಹಂಗೇ ಇದೆ."

ಹೋಗಿ ಬಾಗಿಲು ತೆಗೆದೆ. ಸೀಟಿನ ಮೇಲೆ, ಚರ್ಮಕ್ಕೆ ಗ್ರೀಸು ತಾಗದಿರಲೆಂದು, ಯಾರೋ ಹಾಸಿದ ಟವೆಲ್ಲು ಹಾಗೇ ಉಳಿದಿತ್ತು. ಅದರಲ್ಲಿ ಕುಳ್ಳನೊಬ್ಬನು ಕೂತೆದ್ದ ಅಚ್ಚು ಇತ್ತು. ನಗೆಟ್ ರೇಲೀನಳಿಗಿಂತ ನಾಲ್ಕು ಬೆರಳು ಎತ್ತರ, ಅಷ್ಟೇ. ಬಟನ್ ಒತ್ತಿ ಸೀಟು ಸರಿದಾಗ ವಿಷಯ ಹೊಳೆದಿರಬೇಕು, ಅವನೇ ಕೂತು, ಕಾಲು ಚಾಚಿ, ಅಂದಾಜು ಮಾಡಿ, ಮತ್ತೆ ಮುಂದಕ್ಕೆ ತಂದಿಟ್ಟಿದ್ದ.

ನಾನು ಕೂತೆ. ಮಂಡಿ ದಿನಾ ತಾಗುವಲ್ಲಿ ತಾಗಲಿಲ್ಲ. ಸೀಟು ಒಂದು ಬೆರಳಗಲ ಹಿಂದಿತ್ತು.

ಇಬ್ಬರೂ ಶುದ್ಧ ಸುಳ್ಳುಗಾರರು. ಶಾಲೆಯ ಕಾಲದ ಸ್ನೇಹಿತನಿಗೆ ಹಾಡಹಗಲು, ಮುಖಕ್ಕೆ ಮುಖ ಕೊಟ್ಟು, ಇಷ್ಟು ಹಸಿಹಸಿ ಸುಳ್ಳು ಹೇಳುವುದೆಂದರೆ! ನನಗೂ ಅವರಿಗೂ ಏನು ವ್ಯತ್ಯಾಸ ಉಳಿಯಿತು?

"ಥ್ಯಾಂಕ್ಸ್" ಎಂದೆ. ಬೇರೆ ಏನೂ ಹೊಳೆಯಲಿಲ್ಲ.

ಏಪ್ರಿಲ್ ೧೮, ಗುಡ್ ಫ್ರೈಡೇ

ಬೆಳಿಗ್ಗೆಯಿಂದ ಶೆಡ್ಡಿನಲ್ಲಿ. ಮುಂದೆ. ಹಿಂದೆ. ಒಂಚೂರು ಮುಂದೆ. ಅವಳ ಜಾಗ ಸಿಗಲಿಲ್ಲ.

ಮೋಟಾರು ಚೆನ್ನಾಗಿದೆ.

ಏಪ್ರಿಲ್ ೨೩, ಬುಧವಾರ

ಹಬ್ಬದ ರಜೆ ಮುಗಿಯಿತು. ಕಡೈನಾ ರಸ್ತೆಯಲ್ಲಿ ನಗೆಟ್ ಎದುರಾದ. ದೂರದಿಂದಲೇ ಇಡೀ ಕೈ ಎತ್ತಿದ, ಅಡಿಲೇಡಿನವರ ಹಾಗೆ. ಅವನ ಹಿಂದೆ ಬ್ಲೂಯಿ, ಅವನೂ ಕೈ ಎತ್ತಿದ. ಬ್ಲೂಯಿಯ ಅಮ್ಮ ತನ್ನ ಪುಟ್ಟ ಗಾಡಿಯನ್ನು ಬದಿಗೆ ನಿಲ್ಲಿಸಿ, ಕಿಟಕಿಯಿಂದ ಹೊರಗೆ ಕೈ ಚಾಚಿ ಬೀಸಿದಳು. ಎಂಬತ್ತೊಂದು ವರ್ಷದ ಹೆಂಗಸು. ನಮ್ಮ ಊರಿಗೆ ಏನಾಗಿದೆ?

ಇಷ್ಟು ಜನಕ್ಕೆ ಯಾರು ಹೇಳಿದರು, ಏನು ಹೇಳಿದರು ಎಂದು ನಾನು ಕೇಳುವುದಿಲ್ಲ. ಕನ್ನಡಕ ಒರೆಸಿಕೊಳ್ಳಲು ಒಮ್ಮೆ ನಿಲ್ಲಿಸಬೇಕಾಯಿತು, ಧೂಳು ಜಾಸ್ತಿ. ಹೊಲಗಳಲ್ಲಿ ಬಿತ್ತನೆಗೆ ತಯಾರಿ ಶುರುವಾಗಿದೆ.

(ಈ ವಾರ: ಮಂದೆಯಿಂದ ದೂರ ನಿಲ್ಲುವ ಪ್ರಾಣಿಯ ಮೇಲೆ ಕಣ್ಣಿಡಿ.)

ಮೇ ೬, ಮಂಗಳವಾರ

ಕಾರು ಹತ್ತುವ ಅಭ್ಯಾಸಕ್ಕೆ ಮನೆಯ ಗಾಡಿಯನ್ನೇ ತನ್ನಿ ಎಂದಿದ್ದಳು ಕೆರೆನ್ಸಾ. ಯೂಟ್ ಆಗದೇ ಎಂದು ನಾನು ಕೇಳಿದ್ದೆ. "ಅದು ಎತ್ತರ ಜಾಸ್ತಿ, ಕ್ರೇನ್ ಬೇಕಾಗುತ್ತೆ. ಈ ಸೆಡಾನ್ ಗಾಲಿಕುರ್ಚಿಗೆ ಸರೀ ಸಮ" ಎಂದಳು. ನೋಡಿ, ಯೂಟನ್ನು ತಾರದೆ ಇದ್ದದ್ದು ಎಷ್ಟು ದೂರದೃಷ್ಟಿಯ ಕೆಲಸ!

ಆಸ್ಪತ್ರೆಯ ಹಿಂಬಾಗಿಲಿಗೆ ಮಹಾರಾಣಿಯನ್ನು ನಿಲ್ಲಿಸಿ ಇಂಜಿನ್ ಆರಿಸಿದೆ. ರೇಲೀನ್ ಬರುವುದು ತಡವಾಯಿತು. ಬಂದವಳು ಮೊದಲು ಗಾಡಿಯನ್ನು ಒಂದು ಸುತ್ತು ಕಣ್ಣಲ್ಲೇ ಪರೀಕ್ಷಿಸಿದಳು. ಕೆರೆನ್ಸಾ ಅವಳ ಸೊಂಟದ ಪಟ್ಟಿ ಹಿಡಿದಳು. "ಮೂಗು ಮುಂದೆ, ಎದ್ದೇಳಿ, ತಿರುಗಿ, ಕೂರಿ." ರೇಲೀನ್ ಎದ್ದಳು. ತಿರುಗಿದಳು. ಎಡಬದಿಯ ಸೀಟಿನ ಅಂಚಿಗೆ ಅವಳ ಭಾರ ಬಿದ್ದದ್ದೇ ತಡ, ಮಹಾರಾಣಿ ಉಸ್ಸೆಂದು ಉಸಿರು ಬಿಟ್ಟು ಕುಸಿಯತೊಡಗಿದಳು. ರೇಲೀನ್ ಅರ್ಧ ಒಳಗೆ, ಅರ್ಧ ಹೊರಗೆ. ಕೂರುವಂತಿಲ್ಲ, ಏಳುವಂತಿಲ್ಲ. ಎಡಗಾಲು ಕೆಳಗೆ ಮಡಿಚಿಕೊಂಡಿದೆ. ಕೆರೆನ್ಸಾ ಪಟ್ಟಿ ಹಿಡಿದು ಕೆಂಪಾಗಿದ್ದಾಳೆ.

"ಏನಾದ್ರೂ ಮಾಡೋ ವಾರಿಕ್!"

ಬಲಬದಿಗೆ ಓಡಿದೆ. ಬಾಗಿಲು ತೆಗೆದು, ಅಭ್ಯಾಸವಾದ ಕ್ರಮದಲ್ಲಿ ತಲೆ, ಭುಜ, ಮಂಡಿ ಎಂದು ನನ್ನನ್ನು ಮಡಿಚಿ ಒಳಗೆ ತುಂಬಿಕೊಂಡು ಕೀಲಿ ತಿರುವಿದೆ. ಮಹಾರಾಣಿ ನಿಟ್ಟುಸಿರಿಟ್ಟು ಎದ್ದಳು. ಜೊತೆಗೆ ರೇಲೀನಳನ್ನೂ ಎತ್ತಿದಳು. ಕೆರೆನ್ಸಾ ಕಾಲುಗಳನ್ನು ಒಳಗಿಟ್ಟಳು. ರೇಲೀನ್ ಚರ್ಮಕ್ಕೆ ಬೆನ್ನು ಕೊಟ್ಟು, ಉಸಿರು ತೆಗೆದುಕೊಂಡು, ನನ್ನ ಕಡೆ ತಿರುಗಿದಳು.

ಬಹಳ ಹೊತ್ತು ನೋಡಿದಳು.

"ಏನೋ ಇದು? ಮಂಡಿ ಯಾಕೋ ಅಲ್ಲಿವೆ?"

"ಮೋಟಾರು ಕೆಟ್ಟಿದೆ."

"ವಾರಿಕ್."

"ಕೆಟ್ಟಿತ್ತು."

"ವಾರಿಕ್!"

ಹೇಳಿಬಿಟ್ಟೆ. ಕಾಂಗರೂವಿನಿಂದ ಹಿಡಿದು ಟವೆಲ್ಲಿನವರೆಗೆ ಎಲ್ಲ. ಒಂದು ಬೆರಳಗಲ ಹಿಂದಾಗಿದೆ, ಎಷ್ಟು ಹುಡುಕಿದರೂ ಸರಿಯಾದ ಜಾಗ ಸಿಗುತ್ತಿಲ್ಲ, ನೀನು ಬಂದು ಕೂತರೆ ಬ್ರೇಕು ಸಿಗದೆ ಹೋಗಬಹುದು ಎಂದೂ ಹೇಳಿದೆ. ಕೊನೆಕೊನೆಗೆ ದನಿ ಸ್ವಲ್ಪ ಕೈಕೊಟ್ಟಿತು, ಎದೆ ಮಂಡಿಗೆ ಒತ್ತಿಕೊಂಡರೆ ಹಾಗಾಗುತ್ತದೆ.

ರೇಲೀನ್ ನಗತೊಡಗಿದಳು. ಕಣ್ಣಲ್ಲಿ ನೀರು ಬರುವಷ್ಟು. ಕೆರೆನ್ಸಾ ಅವಳ ಬಾಯಿಯನ್ನೇ ನೋಡುತ್ತಿದ್ದಳು, ಎಡ ಅಂಚು ಸ್ವಲ್ಪ ಅಲ್ಲಾಡಿತು ಎಂದು ಆಮೇಲೆ ಹೇಳಿದಳು. ನಾನು ಗಮನಿಸಲಿಲ್ಲ, ನನಗೆ ಅವಮಾನವಾಗಿತ್ತು.

"ಲೋ ಪೆದ್ದ. ಹೋದ ವರ್ಷ ಬಿಯರ್ ತರೋಕೆ ನನ್ನ ಗಾಡಿ ತಗೊಂಡು ಹೋಗಿದ್ಯಲ್ಲ? ಸೀಟು ಹಿಂದಕ್ಕೆ ತಳ್ಳಿ ಹಂಗೇ ಬಿಟ್ಟಿದ್ದೆ ನೀನು. ಮಾರನೇ ದಿನ ನನ್ನ ಕಾಲಿಗೆ ಬ್ರೇಕ್ ಸಿಗದೆ ಕಸದ ಡಬ್ಬಿ ಹೊಡ್ದೆ. ಅವತ್ತೇ ಗುರುತು ಹಾಕಿಟ್ಟೆ."

"ಎಲ್ಲಿ?"

"ಸೀಟಿನ ಹಳಿ ಮೇಲೆ. ಉಗುರಿನ ಬಣ್ಣದಲ್ಲಿ."

ನನಗೆ ಬಗ್ಗಲಾಗಲಿಲ್ಲ, ಮಂಡಿಗಳು ದಾರಿ ಬಿಡಲಿಲ್ಲ. ಕೆರೆನ್ಸಾ ಸುತ್ತಿಬಂದು ನೆಲಕ್ಕೆ ಕೂತು ಫೋನಿನ ಬೆಳಕು ಬಿಟ್ಟಳು. "ಇದೆ! ಕೆಂಪು!" ಎಂದು ಕೂಗಿದಳು.

ಮೂರು ತಿಂಗಳು. ಮೂರು ತಿಂಗಳು ನಾನು ಮೊಟ್ಟೆಯ ಮೇಲೆ ಕೂತ ಈಮುವಿನ ಹಾಗೆ ಕಾವು ಕೊಟ್ಟದ್ದು ಗುರುತು ಹಾಕಿದ ಜಾಗಕ್ಕೆ.

"ಬಟನ್ ಒತ್ತು" ಎಂದಳು ರೇಲೀನ್.

"ಬೇಡ. ನೀನು ಬಂದಾಗ—"

"ನಾನು ಮತ್ತೆ ಓಡಿಸ್ತೀನೋ ಇಲ್ವೋ, ಗೊತ್ತಿಲ್ಲ ವಾರಿಕ್." ಇದನ್ನು ಅವಳು ನಗದೆ ಹೇಳಿದಳು. ಇದುವರೆಗೆ ಇಬ್ಬರೂ ಹೇಳಿರಲಿಲ್ಲ. "ಗುರುತು ಎಲ್ಲಿಗೂ ಹೋಗಲ್ಲ. ನಿನ್ನ ಮಂಡಿ ಹೋದ್ರೆ ನನ್ನನ್ನ ಎತ್ತೋರು ಯಾರು? ಒತ್ತು."

ಒತ್ತಿದೆ. ಗುಂಯ್ ಎಂದು ಸೀಟು ಹಿಂದೆ ಹಿಂದೆ ಹೋಯಿತು. ಕಾಲುಗಳು ನೆಟ್ಟಗಾಗುತ್ತಲೇ ಹೋದವು. ಬಹಳ ದಿನಗಳ ಮೇಲೆ ಮುಂದಿನ ಗಾಜು ಪೂರ್ತಿ ಕಂಡಿತು. ಬ್ರೇಕು ಎಲ್ಲೋ ಪರವೂರಿಗೆ ಹೋದಂತಾಯಿತು.

"ಈಗ ಇಂಜಿನ್ ಆರಿಸ್ಬೇಡ" ಎಂದಳು ಕೆರೆನ್ಸಾ. "ಇನ್ನೊಂದ್ಸಲ ಇಳಿದು ಹತ್ತೋಣ."

ಮೇ ೧೬, ಶುಕ್ರವಾರ

ಹತ್ತಿದಳು. ಇಳಿದಳು. ಮತ್ತೆ ಹತ್ತಿದಳು. ಡಾಕ್ಟರಮ್ಮ ನಿಂತು ನೋಡಿದರು. ಇಂಜಿನ್ ಉದ್ದಕ್ಕೂ ಓಡುತ್ತಲೇ ಇತ್ತು.

ಬಿಂಗೋ ಇಲ್ಲ.

ಮೇ ೨೪, ಶನಿವಾರ

ಕರೆತಂದೆ.

ದಾರಿಯಲ್ಲಿ ಬೇಕರಿಯ ಮುಂದೆ ನಿಲ್ಲಿಸಲು ಹೇಳಿದಳು. ಪೇಸ್ಟಿ ತಂದು, ಬಾಗಿಲು ತೆಗೆದು, ಇಳಿಸಬೇಕೇ ಎಂದು ಕೇಳಿದೆ. "ಯಾಕೆ? ಇಲ್ಲೇ ಕೊಡು" ಎಂದಳು. ಚರ್ಮದ ಸೀಟಿನಲ್ಲಿ ಕೂತು, ಬಲಗೈಯಲ್ಲಿ ಹಿಡಿದು, ಎದೆ ತುಂಬ ಪುಡಿ ಚೆಲ್ಲಿಕೊಂಡು ತಿಂದಳು. ಪುಡಿಯೆಲ್ಲ ಹೊಲಿಗೆಯೊಳಗೆ ಹೋಯಿತು. ಕಾನೂನು ಮಾಡಿದವಳೇ ಹೀಗೆ ಮಾಡಿದರೆ ಬಿಸಿಲಲ್ಲಿ ನಿಂತು ತಿಂದವನ ಗತಿ ಏನು? ಸೀಟಿನ ಹೀಟರು ಈ ಚಳಿಗೆ ಹಿತವಾಗಿತ್ತು ಎಂಬುದನ್ನು ಮಾತ್ರ ಬರೆದಿಡುತ್ತೇನೆ.

ಗ್ಯಾರೇಜಿನ ಮುದುಕ ಬೇಲಿಯಾಚೆಯಿಂದ ಯೂಟನ್ನು ತೋರಿಸಿ ಏನೋ ಕೂಗಿದ. ರಸ್ತೆಯ ಆಚೆ ಬದಿ, ಕೇಳಿಸಲಿಲ್ಲ.

ವಾಲರೂ ದಾಟಿದ ಮೇಲೆ, ಬಾಗಿದ ನೀಲಗಿರಿ ಮರದ ಹತ್ತಿರ, ಎದುರಿನಿಂದ ನಗೆಟ್ ಬಂದ. ನಾನು ಸಿದ್ಧನಾದೆ. ಕೈಗಳು ಸ್ಟೀರಿಂಗಿನ ನೆತ್ತಿಯ ಮೇಲಿದ್ದವು, ಮಂಡಿಗಳು ಮಂಡಿಗಳಿರಬೇಕಾದಲ್ಲಿ. ಅವನಿಗೆ ಫೆಬ್ರವರಿಯಿಂದ ಬಾಕಿಯಿದ್ದ ಬೆರಳನ್ನು ನಿಧಾನಕ್ಕೆ, ಧ್ವಜ ಏರಿಸುವವನ ಗಾಂಭೀರ್ಯದಿಂದ ಎತ್ತಿದೆ.

ನಗೆಟ್ ನನ್ನನ್ನು ನೋಡಲೇ ಇಲ್ಲ. ಅವನ ಕಣ್ಣು ಎಡಬದಿಯ ಸೀಟಿನ ಕಡೆಗಿತ್ತು, ಬಾಯಿ ತೆರೆದಿತ್ತು. ಮೊದಲು ಒಂದು ಬೆರಳೆತ್ತಿದ. ಆಮೇಲೆ ಇಡೀ ಕೈ. ಆಮೇಲೆ ಎರಡೂ ಕೈ, ಇದು ಕಾನೂನಿಗೆ ವಿರುದ್ಧ.

ತಿರುಗಿ ನೋಡಿದೆ. ರೇಲೀನ್ ಎಡಗೈಯನ್ನು ಬಲಗೈಯಿಂದ ಎತ್ತಿ ಮುಂದಿನ ಮರದ ಹಲಗೆಯ ಮೇಲೆ ಇಟ್ಟುಕೊಂಡಿದ್ದಳು. ನಾಲ್ಕು ಬೆರಳುಗಳು ಮಲಗಿದ್ದವು. ತೋರುಬೆರಳು ಹಲಗೆಯಿಂದ ಎದ್ದು, ನಡುಗುತ್ತ, ಕೆಳಗಿಳಿಯುತ್ತಿತ್ತು.

"ಏನು ನೋಡ್ತೀಯ? ರಸ್ತೆ ನೋಡು" ಎಂದಳು.

ಆ ಮರದ ಹತ್ತಿರ ಒಂದು ಹಳ್ಳವಿದೆ, ದೊಡ್ಡದು. ಅದಕ್ಕೆ ಗಾಡಿ ಕುಲುಕಿ ಬೆರಳು ತಾನಾಗಿ ಎದ್ದಿರಬಹುದು ಎಂದು ರಾತ್ರಿ ಊಟ ಮಾಡುವಾಗ ಯೋಚನೆ ಬಂತು. ಹಳ್ಳ ಇರುವುದಂತೂ ನಿಜ, ಮುಚ್ಚಬೇಕಾದವನು ನಾನೇ. ಆಮೇಲೆ ಈ ಡೈರಿಯ ಪುಟಗಳನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಫೆಬ್ರವರಿಯಲ್ಲೇ ನನ್ನ ಕೈಯಾರೆ ಬರೆದಿದ್ದೇನೆ: ಈ ಗಾಡಿಯಲ್ಲಿ ಕೂತರೆ ಹಳ್ಳಗಳು ಗೊತ್ತೇ ಆಗುವುದಿಲ್ಲ.